ಓರೆಯಾಗಿ ಹೋದ ಪೈಪು

೧೪ ಮಾರ್ಚ್ ೨೦೦೪, ಭಾನುವಾರ. ಹರಪನಹಳ್ಳಿ.

ಆ ಮೊಳೆ ತಲೆಯಿಂದ ಹೋಗುತ್ತಿಲ್ಲ.

ಪಂಚಾಕ್ಷರಪ್ಪನವರ ಹೊಸ ಮನೆಗೆ ಸೋಲಾರ್‌ನ ಬಿಸಿನೀರಿನ ಪೈಪು ಹಾಕಿದವನು ನಾನೇ. ಇವತ್ತು ಅವರ ಹೆಂಡತಿ ನಾಗಲಿಂಗಮ್ಮ, ತೀರಿಹೋದ ಅತ್ತೆಯ ಫೋಟೊ ಹಾಕಲೆಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದರೆ ಬಿಸಿನೀರು ಚಿಮ್ಮಿದೆ. ನಾನು ಹೋಗುವಷ್ಟರಲ್ಲಿ ಹೊಸ ಬಣ್ಣವೆಲ್ಲ ಉಬ್ಬಿತ್ತು.

"ಅತ್ತಿಯವರಿಗೆ ಈ ಮನಿ ಒಪ್ಪಿಗಿ ಇಲ್ಲ ಅಂತ ಕಾಣ್ತೈತಿ" ಎಂದರು ಆಕೆ. "ನಿನ್ನ ಕೈ ಸುಮ್ನಿರಂಗಿಲ್ಲ" ಎಂದು ಪಂಚಾಕ್ಷರಪ್ಪ ನನ್ನೆದುರೇ ಹೆಂಡತಿಗೆ ಬೈದರು.

ಪೈಪು ನಲ್ಲಿಯಿಂದ ನೆಟ್ಟಗೆ ಮೇಲಕ್ಕೆ ಹೋಗಬೇಕು, ಇಲ್ಲವೇ ನೆಟ್ಟಗೆ ಪಕ್ಕಕ್ಕೆ. ಇದೇ ಕೆಲಸ ಮಾಡುತ್ತಿದ್ದ ನಮ್ಮ ಅಬ್ಬಾ ನನಗೆ ಕಲಿಸಿದ್ದೇ ಹಾಗೆ. ಮೊಳೆ ಹೊಡೆಯುವವರು ನಲ್ಲಿ ನೋಡಿಕೊಂಡು ಜಾಗ ಬಿಡುತ್ತಾರೆ. ನಾಗಲಿಂಗಮ್ಮನೂ ಅದೇ ಗೋಡೆಯಲ್ಲಿದ್ದ ಕೈತೊಳೆಯುವ ಬೇಸಿನ್ನಿನ ನಲ್ಲಿಯಿಂದ ಒಂದು ಮಾರು ಬಿಟ್ಟೇ ಹೊಡೆದಿದ್ದರು. ಕಬ್ಬಿಣದ ಪೈಪಾಗಿದ್ದರೆ ಬಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಬಾಗುತ್ತದೆ ಎಂಬ ಸಲಿಗೆಯಲ್ಲಿ ನಾನು ಗೋಡೆಯೊಳಗೆ ಓರೆಯಾಗಿ ಎಳೆದಿದ್ದೆ. ಅರ್ಧ ದಿನದ ಕೆಲಸ ಉಳಿಯಿತೆಂದು ಅವತ್ತು ಖುಷಿಪಟ್ಟಿದ್ದೂ ನೆನಪಿದೆ.

ತೂತಾದ ತುಂಡು ಕತ್ತರಿಸಿ ಹೊಸದು ಅಂಟಿಸಿದೆ.

ಹೊರಡುವಾಗ ನಾಗಲಿಂಗಮ್ಮ ಸುತ್ತಿಗೆ, ಮೊಳೆ ನನ್ನ ಕೈಗಿಟ್ಟು ಎದುರಿನ ಗೋಡೆ ತೋರಿಸಿದರು.

"ನೀನ ಹೊಡಿಯಪ್ಪಾ."

ಹೊಡೆದೆ. ಆಕೆ ಫೋಟೊ ತೂಗುಹಾಕಿ, ಅದರ ಸುತ್ತ ಗೋಡೆ ಸವರಿ ನೋಡಿದರು.

"ನೋಡು, ನೀನು ಹೊಡೆದ್ರ ಏನೂ ಆಗಲಿಲ್ಲ. ನನ್ನ ಕೈಗುಣಾನ ಸರಿ ಇಲ್ಲ."

ಆ ಗೋಡೆಯಲ್ಲಿ ಪೈಪೇ ಇಲ್ಲ. ಅದು ನನಗೊಬ್ಬನಿಗೇ ಗೊತ್ತಿತ್ತು. ಹೂಂ ಅಂದು ಚೀಲ ಎತ್ತಿಕೊಂಡು ಬಂದೆ.