ಏಡಿಯಂತೆ ನಡೆಯುವ ಗಾಡಿ

ಸೋಮವಾರ, ಬೆಳಿಗ್ಗೆ

ಡೀಸೆಲ್, ಆಯಿಲ್ ನೋಡಿದೆ. ಕಟ್ಟಡದ ಸೈಟಿಗೆ ಬಂದ ಹೊಸ ಫೋರ್ಕ್‌ಲಿಫ್ಟ್ — ಭಾರ ಎತ್ತಿ ಇಳಿಸುವ ಗಾಡಿ, ಕಲ್ಲು, ಗುಂಡಿ, ಕೆಸರು ಎಲ್ಲೆಂದರಲ್ಲಿ ಓಡುವಂಥದ್ದು. ಸ್ಟಿಯರಿಂಗಿಗೆ ಮೂರು ಮೋಡ್. ಒಂದರಲ್ಲಿ ಮುಂದಿನ ಚಕ್ರಗಳು ಮಾತ್ರ ತಿರುಗುತ್ತವೆ. ಇನ್ನೊಂದರಲ್ಲಿ ಹಿಂದಿನವು ಎದುರು ದಿಕ್ಕಿಗೆ ತಿರುಗಿ ಚಿಕ್ಕ ಜಾಗದಲ್ಲೇ ಸುತ್ತು. ಮೂರನೆಯದು ಏಡಿ — ನಾಲ್ಕೂ ಒಂದೇ ಕಡೆಗೆ, ಗಾಡಿ ಓರೆಯಾಗಿ ಸರಿಯುತ್ತದೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ?

ಗುರುವಾರ ಟೆಸ್ಟ್, ತೀರ್ಪು ಇಂಜಿನಿಯರದ್ದು. ಗಾಡಿ ನನಗೋ, ಇಲ್ಲೇ ಕೆಲಸ ಮಾಡುವ ಹೆಂಡತಿಯ ತಮ್ಮನಿಗೋ. ಸೋತವನಿಗೆ ಸ್ಟೋರಿನಲ್ಲಿ ಮೊಳೆ ಎಣಿಸುವ ಕೆಲಸ. ಸತ್ತರೂ ಬೇಡ.

ಮಂಗಳವಾರ, ತಡರಾತ್ರಿ

ಭಾವಮೈದುನ ಕೇಳದೆಯೇ ಪಾಠ ಹೇಳಿದ. ಮೋಡ್ ಬದಲಿಸುವ ಮುಂಚೆ ಹಿಂದಿನ ಚಕ್ರ ನೇರ ಮಾಡಿಕೊಳ್ಳಬೇಕಂತೆ, ಇಲ್ಲದಿದ್ದರೆ ಅವು ಓರೆಯಲ್ಲೇ ನಿಂತುಬಿಡುತ್ತವಂತೆ. ಇವನಿಗೆ ಈ ಕೆಲಸ ಕೊಡಿಸಿದವನು ನಾನು! ಹೂಂ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ರಾತ್ರಿ ಹೆಂಡತಿಯ ಹತ್ತಿರ, ಸೈಟಿನ ನೆಲವೇ ಸರಿಯಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದಳು. ತವರಿನ ಕಡೆಯೇ ವಾಲುವುದು ಅವಳ ಜಾಯಮಾನ.

ಗುರುವಾರ, ಸಂಜೆ

ಮಾನ ಮೂರು ಕಾಸಿಗೆ ಹೋಯಿತು.

ಕಾಂಪೌಂಡ್ ಗೋಡೆಗೂ ತಗಡಿನ ಟಾಯ್ಲೆಟ್ಟಿಗೂ ನಡುವಿನ ಸಂದಿಯಲ್ಲಿ ಟೈಲ್ಸ್ ಇಳಿಸಬೇಕು. ಏಡಿ ಹಾಕಿ ಸರಿದೆ, ಇಳಿಸಿದೆ. ನೋಡುತ್ತಿದ್ದವರು ಶಭಾಷ್ ಎಂದರು. ಉಬ್ಬಿಹೋದೆ. ಉಬ್ಬಿದ ಭರದಲ್ಲಿ, ಚಕ್ರ ಓರೆ ಇರುವಾಗಲೇ ಮುಂದಿನ ಚಕ್ರದ ಮೋಡ್ ಒತ್ತಿಬಿಟ್ಟೆ. ಹಿಂದಿನವು ಓರೆಯಲ್ಲೇ ನಿಂತವು. ನಾನು ಅತ್ತ ಎಂದರೆ ಗಾಡಿ ಇತ್ತ. ಕೊನೆಗೆ ಅದರ ಹಿಂಭಾಗ ಟಾಯ್ಲೆಟ್ ಬಾಗಿಲಿಗೆ ಒತ್ತಿಕೊಂಡು ನಿಂತಿತು. ಮುಂದೆ ಗೋಡೆ. ಒಳಗೆ ಇಂಜಿನಿಯರ್.

"ಯಾರಯ್ಯಾ ಅದು?" ಒಳಗಿಂದ ಕೇಳಿದರು. ನಾನು ಸೀಟಿನಲ್ಲೇ ಕುಗ್ಗಿ ಕೂತೆ.

ನಾಚಿಕೆ ಬಿಟ್ಟು ಭಾವಮೈದುನನನ್ನು ಕರೆದೆ. "ಏನಪ್ಪಾ ಮಾಡ್ಲಿ ಈಗ?"

"ಮುಂದಿನ ಚಕ್ರಾನೂ ಹಿಂದಿನದರಷ್ಟೇ ಓರೆ ಮಾಡಿ ಭಾವ. ಆಮೇಲೆ ಏಡಿ ಹಾಕಿ, ನಿಧಾನ ಬನ್ನಿ."

ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು ಗಾಡಿ. ಇಂಜಿನಿಯರೂ ಬಂದರು, ಬೆವರಿನಲ್ಲಿ ತೊಯ್ದು. ಹೇಳಿದರೂ ಕೇಳಲಿಲ್ಲ ಇವರು ಅಂತ ಭಾವಮೈದುನ ಒಂದು ಮಾತು ಅಂದಿದ್ದರೆ ಗಾಡಿ ಅವನದೇ. "ಆ ಸಂದೀಲಿ ನಾನಾಗಿದ್ರೂ ಸಿಕ್ಕಾಕ್ಕೊಳ್ತಿದ್ದೆ ಸಾರ್" ಅಂದುಬಿಟ್ಟ. ಅಷ್ಟು ಒಳ್ಳೆಯವನೆಂದು ಗೊತ್ತಿರಲಿಲ್ಲ.

ತೀರ್ಪು: ಇಬ್ಬರಿಗೂ ಒಂದೊಂದು ಶಿಫ್ಟ್.

ಭಾನುವಾರ, ಸಂಜೆ

ಭಾವಮೈದುನನ ರೂಮು ಸೈಟಿನಿಂದ ದೂರವಂತೆ. ಇನ್ನು ಮುಂದೆ ನಮ್ಮ ಮನೆಯಲ್ಲೇ ಇರಲಿ ಎಂದು ಅವನಕ್ಕ ಹುಕುಂ ಹೊರಡಿಸಿದಳು. ಟ್ರಂಕು, ಹಾಸಿಗೆ ಸಮೇತ ಬಂದ. ಇರಲಿ, ಮಾನ ಉಳಿಸಿದವನು.

ಬಂದವನೇ, ಬೈಕ್ ನಿಲ್ಲಿಸುವುದು ಹಾಗಲ್ಲ ಎಂದ. ನಲ್ಲಿ ಬಿಗಿ ಮಾಡುವುದು ಹೀಗಂತೆ. ಟೀ ಸೋಸುವುದು ಹಾಗಂತೆ. ಎಲ್ಲಕ್ಕೂ ಹೂಂ ಎಂದೆ — ಏನು ಮಾಡಲಿ, ಋಣ.

ಈಗ ಹಿಂದೆಯೇ ಬಂದು ನಿಂತಿದ್ದಾನೆ. ಪೆನ್ನು ಹಿಡಿಯೋದು ಹಾಗಲ್ಲ ಭಾವ, ಸ್ವಲ್ಪ ಕೊಡಿ ಇಲ್ಲಿ ಅಂತ