ಗುರುವಾರ ಬರುವ ಡಾಕ್ಟರು

ಖಾಸಗಿ ಕ್ಲಿನಿಕ್ಕುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಡಬ ಪೇಟೆಯ ಒಂದು ಪಾಲಿಕ್ಲಿನಿಕ್ಕಿನ ಬೋರ್ಡಿನಲ್ಲಿ ನನ್ನ ಗಂಡನ ಹೆಸರಿದೆ. ಡಾ. ಅಚ್ಚುತ, ಹಿರಿಯ ವೈದ್ಯರು, ಪ್ರತಿ ಗುರುವಾರ ಲಭ್ಯ. ಅವರು ಹೋದ ವರ್ಷ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ತೀರಿಕೊಂಡರು. ಆ ಹೆಸರನ್ನು ತೆಗೆಸಿ ಎಂದು ನಿಮ್ಮ ಕಚೇರಿಗೆ ಬರೆದೆ. ತಪಾಸಣೆ ಮಾಡಲಾಗಿದೆ, ಬೋರ್ಡಿನಲ್ಲಿರುವ ವೈದ್ಯರೆಲ್ಲರೂ ಹಾಜರಿದ್ದರು ಎಂದು ಉತ್ತರ ಬಂತು. ಎಲ್ಲರೂ! ಹಾಗಾದರೆ ನೀವು ನಮ್ಮವರನ್ನು ಕಂಡಿದ್ದೀರಿ. ಹೇಗಿದ್ದರು? ಕೊನೆಕೊನೆಗೆ ತುಂಬ ಸೊರಗಿದ್ದರು, ಈಗ ಸ್ವಲ್ಪ ಮೈಕೈ ತುಂಬಿಕೊಂಡಿದ್ದಾರೋ?

ಅದು ಮೊದಲು ಅವರೊಬ್ಬರದೇ, ಒಂದೇ ಕೋಣೆಯ ಕ್ಲಿನಿಕ್. ಹೊರಗೆ ಬೆಂಚಿನ ಪಕ್ಕ ಕೂತು ಚೀಟಿ ಕೊಡುತ್ತಿದ್ದವಳು ನಾನೇ. ಒಬ್ಬರನ್ನು ನೋಡಿ ಮುಗಿದ ಕೂಡಲೇ ಒಳಗಿಂದ ಕೂಗುತ್ತಿದ್ದರು: "ಇನ್ನು ಯಾರುಂಟು ಮಾರಾಯ್ತಿ? ಕಳಿಸು." ಅವರು ಊರಲ್ಲಿಲ್ಲದ ದಿನ 'ಡಾಕ್ಟರ್ ಇವತ್ತು ಇಲ್ಲ' ಎಂದು ಬರೆದ ರಟ್ಟನ್ನು ಬಾಗಿಲಿಗೆ ನೇತುಹಾಕುತ್ತಿದ್ದೆ. ಜನ ಅದನ್ನು ಓದಿ ಮುಂದಿನ ಬಸ್ಸಿಗೆ ಪುತ್ತೂರಿಗೆ ಹೋಗುತ್ತಿದ್ದರು. ಅಷ್ಟೇ ವ್ಯವಸ್ಥೆ.

ಆಮೇಲೆ ಬೇರೆ ಡಾಕ್ಟರುಗಳು ಸೇರಿಕೊಂಡರು, ಪಾಲಿಕ್ಲಿನಿಕ್ ಆಯಿತು. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರಿರುತ್ತಾರೆ ಎಂದು ನಾವೂ ಖುಷಿಪಟ್ಟಿದ್ದೆವು. ಈಗ ನೋಡಿದರೆ ಚೀಟಿಯಲ್ಲಿ ಒಬ್ಬರ ಹೆಸರು, ಪರೀಕ್ಷೆ ಮಾಡುವವರು ಇನ್ನೊಬ್ಬರು, ಮದ್ದಿಗೆ ಸಹಿ ಹಾಕುವವರು ಮತ್ತೊಬ್ಬರು. ಏನಾದರೂ ಹೆಚ್ಚುಕಡಿಮೆಯಾಗಿ ಕೇಳಲು ಹೋದರೆ ಮೂವರಿಗೂ ಅಂದೇ ರಜೆ. ನಮ್ಮ ಕಡೆಯವರು ಡಾಕ್ಟರನ್ನು ಹುಡುಕುವುದು ಡಿಗ್ರಿ ನೋಡಿ ಅಲ್ಲ, ಕೈಗುಣ ಕೇಳಿ. ಅದು ಕ್ಲಿನಿಕ್ಕಿನವರಿಗೂ ಚೆನ್ನಾಗಿ ಗೊತ್ತು. ಆದ್ದರಿಂದಲೇ ಮನುಷ್ಯ ಹೋದರೂ ಕೈಗುಣವನ್ನು ಬೋರ್ಡಿನಲ್ಲಿ ಉಳಿಸಿಕೊಂಡರು.

ಪಂಜದ ಕುಕ್ಕಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಈ ಬೇಸಗೆಯ ಒಂದು ಗುರುವಾರ ಬೆಳಗ್ಗೆ ಅವರ ಬಲಗೈ ಜೋಮು ಹಿಡಿದು ಕತ್ತಿ ಕೆಳಗೆ ಬಿತ್ತು. ಹೆಂಡತಿ ಕಮಲಾವತಿ ರಿಕ್ಷಾ ಮಾಡಿ ಕಡಬಕ್ಕೆ ಕರೆತಂದಳು. ಒಳಗೆ ಒಬ್ಬರು ಡಾಕ್ಟರಿದ್ದರು. ಆದರೆ ಕುಕ್ಕಪ್ಪನವರಿಗೆ ಅಚ್ಚುತ ಡಾಕ್ಟರೇ ಆಗಬೇಕು. ಕೌಂಟರಿನಲ್ಲಿ, "ಅವರು ಹನ್ನೊಂದಕ್ಕೆ ಬರ್ತಾರೆ, ಕೂತ್ಕೊಳ್ಳಿ" ಎಂದರು. ಅದು ಅಲ್ಲಿಯ ರೂಢಿ. ಬಂದವರನ್ನು ಮೊದಲು ಕೂರಿಸುವುದು, ಕಾದು ಸುಸ್ತಾದ ಮೇಲೆ "ಇವತ್ತು ಬರುದಿಲ್ಲಂತೆ" ಎಂದು ಬೇರೆಯವರ ಹತ್ತಿರ ಕಳಿಸುವುದು. ಹಾಗೆ ಕಳಿಸುವ ಮೊದಲೇ ಕುಕ್ಕಪ್ಪ ಬೆಂಚಿನಿಂದ ಜಾರಿ ಬಿದ್ದರು. ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ ಪುತ್ತೂರಿನ ಆಸ್ಪತ್ರೆಯಲ್ಲಿ. ಈಗ ಅವರಿಗೆ ಬಲಭಾಗ ಏಳುವುದಿಲ್ಲ, ಮಾತು ಹೊರಡುವುದಿಲ್ಲ.

ಕಮಲಾವತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಜಗಲಿಯಲ್ಲಿ ಕೂರಲೂ ಒಪ್ಪಲಿಲ್ಲ.

"ನಿಮ್ಮ ಯಜಮಾನ್ರಿಗೆ ಬೈಲಿಕ್ಕೇ ಬಂದದ್ದು ನಾನು. ಯಾಕಮ್ಮ ಬರ್ಲಿಲ್ಲ ಅವ್ರು? ಇವ್ರು ಬಾಗಿಲು ನೋಡ್ತಾ ಕೂತಿದ್ರು."

ನಾನು ಗೋಡೆಯ ಮೇಲಿನ ಫೋಟೋ ತೋರಿಸಿದೆ. ಹಾರ ಹಾಕಿದ ಫೋಟೋವನ್ನು ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಮತ್ತೆ ಬೋರ್ಡಲ್ಲಿ ಉಂಟಲ್ಲ?"

ಮಾನ್ಯರೇ, ನಾನು ಅವಳಿಗೆ ಏನು ಹೇಳಬೇಕಿತ್ತು? ಬದುಕಿದ್ದಾಗ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ ಮನುಷ್ಯ ಅವರು. ಸತ್ತ ಮೇಲೆ ಅವರನ್ನು ಕಾಯಿಸುವವರನ್ನಾಗಿ ಮಾಡಿದಿರಿ. ಗುರುವಾರ ಬಂತೆಂದರೆ ನನಗೆ ಹೆದರಿಕೆಯಾಗುತ್ತದೆ. ಹನ್ನೊಂದಾಗುತ್ತಿದ್ದಂತೆ, ಅಲ್ಲಿ ಯಾರೋ ಕೂತಿದ್ದಾರೆ, ನಮ್ಮವರನ್ನು ಎಬ್ಬಿಸಿ ಕಳಿಸಬೇಕು ಎಂದು ಎದ್ದು ನಿಲ್ಲುತ್ತೇನೆ. ಖಾಲಿ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬರುತ್ತೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಅವರ ಹೆಸರನ್ನು ಇಳಿಸಿ. ಅಂದಂದು ಯಾವ ಡಾಕ್ಟರು ನಿಜವಾಗಿ ಒಳಗಿದ್ದಾರೋ ಅವರ ಹೆಸರು ಮಾತ್ರ ಬಾಗಿಲಲ್ಲಿರಲಿ. ನೋಡಿದವರೇ ಚೀಟಿಯಲ್ಲಿ ತಮ್ಮ ಹೆಸರು ಬರೆಯಲಿ. ನಿಮ್ಮಿಂದ ಆಗದಿದ್ದರೆ ಹಳೆಯ ರಟ್ಟು ನನ್ನ ಹತ್ತಿರ ಇನ್ನೂ ಇದೆ, ನಾನೇ ತಂದು ಕಟ್ಟುತ್ತೇನೆ. ಅದರಲ್ಲಿರುವ 'ಇವತ್ತು' ಎಂಬುದನ್ನು ಹೊಡೆದುಹಾಕಬೇಕು. ಅದಕ್ಕೆ ಮಾತ್ರ ಇನ್ನೂ ಕೈ ಬಂದಿಲ್ಲ.

ಇಲ್ಲ, ನಿಮ್ಮ ತಪಾಸಣೆಯೇ ನಿಜ, ಅವರು ಹಾಜರಿದ್ದರು ಎನ್ನುವುದಾದರೆ ನನಗೂ ಒಂದು ಚೀಟಿ ಕೊಡಿಸಿ. ಎಲ್ಲರದ್ದೂ ಆಗಲಿ, ನಾನು ಕೊನೆಯಲ್ಲಿ ಕೂರುತ್ತೇನೆ. ಒಳಗಿಂದ "ಇನ್ನು ಯಾರುಂಟು?" ಎಂದು ಕೇಳಿಸಿದರೆ ಸಾಕು.

ಇಂತಿ,
ಇನ್ನೂ ಬೆಂಚಿನಲ್ಲೇ ಇರುವ
ಲೋಲಾಕ್ಷಿ ಅಚ್ಚುತ