ಫ್ರೇಮಿನ ಅಂಗಡಿಯ ಬಾಗಿಲಲ್ಲಿ

ಹಳೇ ಬೀದಿ, ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಅಪ್ಪನಿಗೆ ಮಂಡಿ ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ನೀನು ಕೇಳಲಿಲ್ಲ, ನಾನೇ ಹೇಳಿದೆ.

ನಮ್ಮ ಬೀದಿಯ ಕಥೆಗಳನ್ನು ನೀನು ನಿನ್ನ ದನಿಯಲ್ಲೇ ಫೋನಿನ ಆ್ಯಪಿಗೆ ತುಂಬಿದ್ದು ಭಾರಿ ಹೆಸರು ಮಾಡಿದೆ, ಖುಷಿಪಡು. ಜನ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಯಾವ ಬಾಗಿಲ ಮುಂದೆ ನಿಂತರೆ ಆ ಬಾಗಿಲಿನ ಕಥೆ ತಾನಾಗಿಯೇ ಶುರುವಾಗುತ್ತದೆ. ನಮ್ಮ ಅಪ್ಪನ ಫೋಟೋ ಫ್ರೇಮಿನ ಅಂಗಡಿ ಮುಂದಂತೂ ಕಣ್ಣೊರೆಸಿಕೊಳ್ಳುತ್ತಾರೆ. ಯಾಕಿರಬಹುದು ಎಂದು ನಾನೂ ಒಂದು ದಿನ ಫೋನು ಹಿಡಿದು ನಿಂತೆ. ಮೊದಲು ನೀನು ಯಾವಾಗಲೋ ಹಿಡಿದಿಟ್ಟುಕೊಂಡ ಅಪ್ಪನ ದನಿ: "ಸಾಕಾಯ್ತು, ನಾಳೆಯಿಂದ ಅಂಗಡಿ ಮುಚ್ಚಿಬಿಡ್ತೀನಿ." ಆಮೇಲೆ ನಿನ್ನದು: "ಮರುದಿನ ಆ ಬಾಗಿಲು ತೆರೆಯಲಿಲ್ಲ."

ಎಂಥ ಸುಳ್ಳೋ ನಿನ್ನದು. ಕೊಯ್ಯುವಾಗ ಗಾಜು ಅಡ್ಡಾದಿಡ್ಡಿ ಸೀಳಿದಾಗಲೆಲ್ಲ ಅಪ್ಪ ಹಾಗೇ ಗೊಣಗುತ್ತಿದ್ದದ್ದು, ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು ಮರೆತೆಯಾ? ಮರುದಿನ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುತ್ತಿದ್ದವರೂ ಅವರೇ. ಈಗ ಒಳಗೆ ಕೂತು ಮೊಳೆ ಹೊಡೆಯುತ್ತಿರುವ ಅಪ್ಪನನ್ನು ಬಂದವರು ಕಾವಲುಗಾರ ಅಂದುಕೊಳ್ಳುತ್ತಾರೆ. ಪಾಪ, ಆ ಅಂಗಡಿಯವರು ಯಾವಾಗ ತೀರಿಕೊಂಡರು ಎಂದು ಒಬ್ಬಾಕೆ ಅಪ್ಪನನ್ನೇ ಕೇಳಿದಳು. ಅಪ್ಪ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹಳೇ ಗಿರಾಕಿಗಳೂ ಮುಚ್ಚಿದೆಯಂತೆ ಎಂದುಕೊಂಡು ಬೇರೆ ಕಡೆ ಹೋಗುತ್ತಿದ್ದಾರೆ.

ಅದನ್ನು ತಿದ್ದು ಎಂದು ಫೋನು ಮಾಡಿದೆ. ನೀನೋ, ಕೊನೆ ಚೆನ್ನಾಗಿ ಬಂದಿದೆ, ಜನರ ಮನಸ್ಸಿಗೆ ತಟ್ಟುತ್ತೆ ಅಕ್ಕಾ ಅಂದೆ. ತಟ್ಟಿತಪ್ಪಾ. ಕಟ್ಟಡದ ಮಾಲೀಕನಿಗೂ ತಟ್ಟಿತು. ಬಾಡಿಗೆ ಕರಾರು ಮುಂದುವರಿಸುವುದಿಲ್ಲವಂತೆ, ನಿನ್ನ ಕಥೆ ಕೇಳಲು ಬರುವವರಿಗಾಗಿ ಕಾಫಿ ಅಂಗಡಿ ಇಡುತ್ತಾನಂತೆ. ಅಪ್ಪ ಕೈಮುಗಿದು ಕೇಳಿದರು. "ಮುಚ್ಚಿದೆ ಅಂತ ನಿಮ್ಮ ಮಗನೇ ಊರಿಗೆಲ್ಲ ಹೇಳಿದಾನೆ. ನಾನೇನು ಹೊಸದಾಗಿ ಹೇಳಿದ್ನಾ?" ಅಂದ.

ಕರಾರು ಮುಗಿಯಲು ಇನ್ನೂ ಒಂದು ವಾರವಿದೆ. ನೀನು ಬಂದು ಆ ಮನುಷ್ಯನ ಮುಂದೆ ನಿಂತು, ಅದು ನಾನು ಕಟ್ಟಿ ಹೇಳಿದ್ದು ಅನ್ನು. ಅಷ್ಟು ಮಾಡು ಸಾಕು, ಬೇರೇನೂ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟು ಸಿಟ್ಟಿದ್ದರೂ ನಿನಗೆ ಒಳ್ಳೆಯದಾಗಲಿ ಅನ್ನುವುದು ನನ್ನ ಹಣೆಬರಹ.

ನಿನ್ನ ಅಕ್ಕ

ತಾ.ಕ.: ನಿನ್ನ ಅಕ್ಕ ಎಂದು ಬರೆಯುವಷ್ಟರಲ್ಲಿ ಕೆಳಗೆ ಗಾಜು ಸೀಳಿದ ಸದ್ದು ಕೇಳಿತು. ಗೊಣಗಾಟಕ್ಕೆ ಕಾದೆ, ಬರಲಿಲ್ಲ. ಇಳಿದು ನೋಡಿದರೆ ಅಪ್ಪ ಚೂರುಗಳನ್ನು ಗುಡಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಮಾಲೀಕನಿಗೆ ಕೊಡಲು ಹೊರಟಿದ್ದರು. ನೀನು ಬರಬೇಡ. ಕಥೆಯನ್ನೂ ತಿದ್ದಬೇಡ, ಈಗ ಸರಿಯಾಗಿದೆ.